76 ಅಲ್ಲ, 71: ಹಿಂದೂಪುರದ ಗಾಳಿ ಮತ್ತು ಒಂದು ಟರ್ಬೋ ಎಂಜಿನ್

ಮಕ್ಕಳೇ, ವಾತಾವರಣದ ಒತ್ತಡ ಎಷ್ಟು ಅಂತ ಕೇಳಿದರೆ ನೀವು ಕಣ್ಣು ಮುಚ್ಚಿಕೊಂಡು '76 ಸೆಂ.ಮೀ. ಪಾದರಸ' ಅಂತೀರಿ. ಪರೀಕ್ಷೆಯಲ್ಲಿ ಹಾಗೆ ಬರೆಯಿರಿ, ಅಂಕ ಬರುತ್ತೆ. ಆದರೆ ಹಿಂದೂಪುರದಲ್ಲಿ ಪಾದರಸದ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ ನಿಜವಾಗಿ ಅಳೆದು ನೋಡಿದರೆ ಪಾದರಸ 71ರ ಆಸುಪಾಸಿನಲ್ಲೇ ನಿಂತುಬಿಡುತ್ತೆ. ಕೊಳವೆ ಕೆಟ್ಟಿಲ್ಲ. ಪುಸ್ತಕವೂ ಸುಳ್ಳು ಹೇಳಿಲ್ಲ. ಪುಸ್ತಕ ಹೇಳುವುದು ಸಮುದ್ರಮಟ್ಟದ ಮಾತು. ಹಿಂದೂಪುರ ಇರುವುದು ಸಮುದ್ರಮಟ್ಟದಿಂದ ಸುಮಾರು 620 ಮೀಟರ್ ಎತ್ತರದಲ್ಲಿ.

'ಐದು ಸೆಂಟಿಮೀಟರ್ ತಾನೆ, ಹೋಗಲಿ ಬಿಡಿ ಸಾರ್' ಅಂತೀರಾ? ನಾನೂ ಒಮ್ಮೆ ಹಾಗೇ ಅಂದುಕೊಂಡಿದ್ದೆ. ಆ ಐದು ಸೆಂಟಿಮೀಟರಿನಿಂದ ಒಂದು ಎಂಜಿನ್ನಿನ ಪಿಸ್ಟನ್ ಸುಟ್ಟುಹೋಗುವುದರಲ್ಲಿತ್ತು. ಆ ಕಥೆಯನ್ನೇ ಈ ಸಲ ಹೇಳುತ್ತೇನೆ.

ಎಂಜಿನ್ನಿಗೆ ಗಾಳಿ ಯಾಕೆ ತುರುಕಬೇಕು?

ಹಿಂದೂಪುರದಿಂದ ಪೆನುಕೊಂಡದ ಕಡೆಗೆ ಹೋಗಿ ರಾಷ್ಟ್ರೀಯ ಹೆದ್ದಾರಿ 44 ಹಿಡಿದರೆ ಎರ್ರಮಂಚಿಯ ಹತ್ತಿರ ಕಿಯಾ ಕಾರ್ಖಾನೆ ಸಿಗುತ್ತೆ. ಹೊಸ ಕಾರುಗಳನ್ನು ಹೊತ್ತ ಉದ್ದುದ್ದ ಲಾರಿಗಳನ್ನು ನೀವು ನೋಡಿಯೇ ಇರುತ್ತೀರಿ. ಅಲ್ಲಿ ತಯಾರಾದ ಮೊದಲ ಮಾದರಿ ಸೆಲ್ಟೋಸ್ ಮಾರುಕಟ್ಟೆಗೆ ಬಂದದ್ದು 2019ರ ಆಗಸ್ಟ್‌ನಲ್ಲಿ. ಅದರಲ್ಲಿ 1.4 ಲೀಟರಿನ ಒಂದು ಪೆಟ್ರೋಲ್ ಎಂಜಿನ್ನಿಗೆ ಟರ್ಬೋ ಇತ್ತು. ಮರುವರ್ಷ ಬಂದ ಸೋನೆಟ್‌ನಲ್ಲಿ ಬರೀ 1 ಲೀಟರಿನ ಪುಟ್ಟ ಎಂಜಿನ್ನಿಗೂ ಟರ್ಬೋ ಕೂರಿಸಿದರು.

ಪೆಟ್ರೋಲ್ ಉರಿಯಲು ಗಾಳಿ ಬೇಕು. 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ. ಹಾಗಾಗಿ ಎಂಜಿನ್ನಿನ ಶಕ್ತಿಗೆ ಮಿತಿ ಹಾಕುವುದು ಪೆಟ್ರೋಲ್ ಅಲ್ಲ, ಗಾಳಿ. ಸಾಮಾನ್ಯ ಎಂಜಿನ್ ಪಿಸ್ಟನ್ ಕೆಳಗಿಳಿದಾಗ ತಾನಾಗಿ ಒಳಗೆ ಬಂದಷ್ಟು ಗಾಳಿಯನ್ನು ಮಾತ್ರ ಕುಡಿಯುತ್ತೆ. ಟರ್ಬೋ ಹಾಗಲ್ಲ. ಸೈಲೆನ್ಸರ್ ಕಡೆ ನುಗ್ಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗುತ್ತೆ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುರುಕುತ್ತೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಈ ಉಪಾಯಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದರು.

ಅದರ ಹಿಂದೆ ಎತ್ತರದ ಕಥೆಯೂ ಇದೆ. ಮೊದಲ ಮಹಾಯುದ್ಧದ ಹೊತ್ತಿಗೆ ವಿಮಾನ ಮೇಲೆ ಹೋದಷ್ಟೂ ಎಂಜಿನ್ ಉಸಿರುಗಟ್ಟಿ ಶಕ್ತಿ ಕಳೆದುಕೊಳ್ಳುತ್ತಿತ್ತು. ಟರ್ಬೋ ಕೂರಿಸಿದರೆ ಸರಿಹೋಗುತ್ತದೆಯೇ ಎಂದು ನೋಡಲು ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಒಂದು ವಿಮಾನದ ಎಂಜಿನ್ನನ್ನು ಕೊಲರಾಡೋದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಸಾಗಿಸಿದರು. ಎತ್ತರ ಸುಮಾರು 4,300 ಮೀಟರ್. ಟರ್ಬೋ ಇಲ್ಲದೆ ಸೊರಗಿದ್ದ ಎಂಜಿನ್, ಟರ್ಬೋ ಹಾಕಿದ ಮೇಲೆ ಸಮುದ್ರಮಟ್ಟದಲ್ಲಿ ಕೊಡುತ್ತಿದ್ದ ಶಕ್ತಿಯನ್ನು ಬೆಟ್ಟದ ಮೇಲೂ ಕೊಟ್ಟಿತು. ಒಂದು ಸೆನ್ಸರ್ ಹಿಡಿದುಕೊಂಡು ನಾವು ಪಡುವ ಪಾಡು ಅವರ ಮುಂದೆ ಏನೂ ಅಲ್ಲ ಬಿಡಿ.

ಈಗಿನ ಎಂಜಿನ್ನಿನಲ್ಲಿ ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು ಅಂತ ತೀರ್ಮಾನಿಸುವುದು ಒಂದು ಪುಟ್ಟ ಕಂಪ್ಯೂಟರು. ಅದು ಗಾಳಿಯನ್ನು ತಕ್ಕಡಿಯಲ್ಲಿ ಹಾಕಿ ತೂಗಲಾರದು. ಆದರೆ ನಿಮಗೆ ಗೊತ್ತಿರುವ ಅನಿಲ ನಿಯಮವೇ ಅದಕ್ಕೂ ಸಾಕು: ಸಿಲಿಂಡರಿನ ಗಾತ್ರ ಗೊತ್ತಿದೆ, ಉಷ್ಣತೆ ಅಳೆಯಬಹುದು, ಒತ್ತಡ ಅಳೆದರೆ ಒಳಗೆ ಹೋದ ಗಾಳಿ ಎಷ್ಟು ಅಂತ ಲೆಕ್ಕ ಸಿಕ್ಕಿತು. ಒತ್ತಡ ದುಪ್ಪಟ್ಟಾದರೆ ಗಾಳಿ ದುಪ್ಪಟ್ಟು, ಪೆಟ್ರೋಲೂ ದುಪ್ಪಟ್ಟು. ಒತ್ತಡವನ್ನು ತಪ್ಪಾಗಿ ಅಳೆದರೆ ಅಷ್ಟೇ ತಪ್ಪು ಪೆಟ್ರೋಲಿನಲ್ಲೂ.

ಸೊನ್ನೆ ಎಲ್ಲಿಂದ ಶುರು?

ಪಂಕ್ಚರ್ ಅಂಗಡಿಯಲ್ಲಿ 'ಅಣ್ಣಾ, ಮೂವತ್ತು ಹಾಕಣ್ಣ' ಅಂತೀವಲ್ಲ, ಆ ಮೂವತ್ತು ಪಿ.ಎಸ್.ಐ. ಅಂದರೆ ಸುಮಾರು 207 ಕಿಲೋಪಾಸ್ಕಲ್. ಪೈಪನ್ನು ಟೈರಿನಿಂದ ತೆಗೆದಾಗ ಗೇಜಿನ ಮುಳ್ಳು ಎಲ್ಲಿ ನಿಲ್ಲುತ್ತೆ? ಸೊನ್ನೆಯಲ್ಲಿ. ಹಾಗಾದರೆ ಹೊರಗಿನ ಗಾಳಿಗೆ ಒತ್ತಡವೇ ಇಲ್ಲವಾ? ಇದೆ. ಹಿಂದೂಪುರದಲ್ಲಿ ಅದು ಸುಮಾರು 94 ಕಿಲೋಪಾಸ್ಕಲ್. ಗೇಜು ಅದನ್ನು ಲೆಕ್ಕಕ್ಕೆ ಹಿಡಿಯದೆ, ಅದಕ್ಕಿಂತ ಮೇಲೆ ಎಷ್ಟಿದೆ ಅನ್ನುವುದನ್ನಷ್ಟೇ ತೋರಿಸುತ್ತೆ. ಇದು ಗೇಜ್ ಒತ್ತಡ. ನಿರ್ವಾತದಿಂದ ಎಣಿಸಿದರೆ ಸಿಗುವುದು ನಿರಪೇಕ್ಷ ಒತ್ತಡ. ಆ ಟೈರಿನೊಳಗಿನ ನಿರಪೇಕ್ಷ ಒತ್ತಡ 207 ಮತ್ತು 94, ಒಟ್ಟು 301.

ಟೈರಿಗೆ ಗೇಜ್ ಒತ್ತಡ ಸಾಕು. ಎಂಜಿನ್ನಿಗೆ ಸಾಲದು, ಯಾಕೆಂದರೆ ಅನಿಲ ನಿಯಮದಲ್ಲಿ ಬರುವ ಒತ್ತಡ ನಿರಪೇಕ್ಷ ಒತ್ತಡವೇ. ಅದಕ್ಕೇ ಎಂಜಿನ್ನಿನ ಸೆನ್ಸರ್ ನಿರಪೇಕ್ಷ ಬಗೆಯದ್ದು. ಅದರೊಳಗೆ ಸಿಲಿಕಾನಿನ ಒಂದು ತೆಳು ಪೊರೆ ಇರುತ್ತೆ. ಪೊರೆಯ ಒಂದು ಬದಿಯಲ್ಲಿ ಗಾಳಿ ತೆಗೆದು ಶಾಶ್ವತವಾಗಿ ಮುಚ್ಚಿದ ನಿರ್ವಾತದ ಪುಟ್ಟ ಕೋಣೆ, ಇನ್ನೊಂದು ಬದಿಗೆ ಎಂಜಿನ್ನಿಗೆ ಹೋಗುವ ಗಾಳಿ. ಗಾಳಿ ಒತ್ತಿದಾಗ ಪೊರೆ ಕಣ್ಣಿಗೆ ಕಾಣದಷ್ಟು ಬಾಗುತ್ತೆ. ಬಾಗಿದ ಸಿಲಿಕಾನಿನ ವಿದ್ಯುತ್ ರೋಧ ಬದಲಾಗುತ್ತೆ (ಈ ಗುಣವನ್ನು 1954ರಲ್ಲಿ ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಸ್ಮಿತ್ ತೋರಿಸಿಕೊಟ್ಟರು). ಆ ಬದಲಾವಣೆ ಕೊನೆಗೆ 0ಯಿಂದ 5 ವೋಲ್ಟಿನ ನಡುವಿನ ಒಂದು ವೋಲ್ಟೇಜಾಗಿ ಹೊರಬರುತ್ತೆ. ನಮ್ಮ ಕೈಗೆ ಸಿಗುವುದು ಆ ವೋಲ್ಟೇಜ್ ಒಂದೇ. ಅದನ್ನು ಕಿಲೋಪಾಸ್ಕಲ್‌ಗೆ ಸರಿಯಾಗಿ ಹೊಂದಿಸುವ ಕೆಲಸಕ್ಕೇ ಕ್ಯಾಲಿಬ್ರೇಶನ್ ಅನ್ನುವುದು.

ಯಾವ ಸೆನ್ಸರ್ ಕೊಳ್ಳೋದು?

ಈಗ ಕಥೆಗೆ ಬರೋಣ. ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು, ಒಬ್ಬ ಹಿಂದೂಪುರದವನು, ಇನ್ನೊಬ್ಬ ಕಲ್ಯಾಣದುರ್ಗದವನು, ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಹಳೆಯ ಕಾರಿನ ಪೆಟ್ರೋಲ್ ಎಂಜಿನ್ನಿಗೆ ಟರ್ಬೋ ಕೂರಿಸಲು ಹೊರಟರು. ಹಿಂದೂಪುರದಲ್ಲಿ ಒಂದು ಶೆಡ್ಡು, ಅದರಲ್ಲಿ ಕಬ್ಬಿಣದ ಚೌಕಟ್ಟು, ಚೌಕಟ್ಟಿನ ಮೇಲೆ ಎಂಜಿನ್, ಅದಕ್ಕೆ ಭಾರ ಕೊಡಲು ನೀರಿನ ಬ್ರೇಕು. ಗಾಡಿ ರಸ್ತೆಗಿಳಿಯುವ ಮಾತೇ ಇರಲಿಲ್ಲ. ಎಂಜಿನ್ ಹೀಗೆ ಬದಲಾಯಿಸಿದ ಗಾಡಿಯನ್ನು ಅನುಮತಿ ಇಲ್ಲದೆ ರಸ್ತೆಗೆ ತರುವಂತಿಲ್ಲ, ಅದು ನಿಮಗೂ ನೆನಪಿರಲಿ.

ಸೆನ್ಸರ್ ತರಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರು. ಅಂಗಡಿಯಲ್ಲಿ ಮೂರು ಬಗೆ ಇತ್ತು: 115 ಕಿಲೋಪಾಸ್ಕಲ್‌ವರೆಗಿನದು, 250ರವರೆಗಿನದು, 400ರವರೆಗಿನದು. ಅಲ್ಲಿಂದಲೇ ನನಗೆ ಫೋನು: 'ಸಾರ್, ದೊಡ್ಡದೇ ತಗೊಂಡ್ಬಿಡೋಣ್ವಾ? ಸೇಫು ಅಲ್ವಾ?'

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಅವರು ಟರ್ಬೋದಿಂದ 80 ಕಿಲೋಪಾಸ್ಕಲ್ ಹೆಚ್ಚುವರಿ ಒತ್ತಡ ಪಡೆಯಬೇಕು ಅಂತಿದ್ದರು. ಹಿಂದೂಪುರದಲ್ಲಿ 94ಕ್ಕೆ 80 ಸೇರಿದರೆ 174. ಇದೇ ಎಂಜಿನ್ನನ್ನು ಮಂಗಳೂರಿಗೆ ಒಯ್ದರೆ 101ಕ್ಕೆ 80 ಸೇರಿ 181. ಟರ್ಬೋದ ಒತ್ತಡ ಮಿತಿಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಒಂದು ಬಾಗಿಲು ಇರುತ್ತೆ, ಸ್ಪ್ರಿಂಗ್ ಹಾಕಿದ್ದು. ಅದು ತಡವಾಗಿ ತೆರೆದರೆ ಒತ್ತಡ ಇನ್ನೂ 20–30 ಏರಬಹುದು. ಅಂದರೆ ಸುಮಾರು 210ರವರೆಗೆ ಅಳೆಯುವ ಶಕ್ತಿ ಬೇಕು.

115ರದ್ದು ಆಗಲೇ ಆಗದು. ಮಿತಿ ದಾಟಿದ ಸೆನ್ಸರ್ ಸುಮ್ಮನೆ ಕೊನೆಯ ವೋಲ್ಟೇಜಿನಲ್ಲೇ ನಿಂತುಬಿಡುತ್ತೆ. ಗಾಳಿ 174 ಬಂದರೂ ಕಂಪ್ಯೂಟರಿಗೆ 115ರ ಆಚೆ ಕಾಣದು, ಪೆಟ್ರೋಲನ್ನೂ ಅಷ್ಟಕ್ಕೇ ಕೊಡುತ್ತೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಭಾರ ಎಳೆಯುತ್ತಿರುವ ಟರ್ಬೋ ಎಂಜಿನ್ನಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ.

400ರದ್ದು ಯಾಕೆ ಬೇಡ? ಸೆನ್ಸರ್ ಎಷ್ಟು ತಪ್ಪಬಹುದು ಅನ್ನುವುದನ್ನು ತಯಾರಕರು ಅದರ ಪೂರ್ತಿ ಅಳತೆಯ ಶೇಕಡದಲ್ಲಿ ಹೇಳುತ್ತಾರೆ. 20ರಿಂದ 250 ಅಳೆಯುವ ಎಂಪಿಎಕ್ಸ್ 4250 ಅನ್ನುವ ಸೆನ್ಸರಿಗೆ ಅದು ಶೇ. 1.5. ಅಂದರೆ 230ರಲ್ಲಿ 1.5 ಪಾಲು, ಹೆಚ್ಚುಕಡಿಮೆ 3.5 ಕಿಲೋಪಾಸ್ಕಲ್. ಅದೇ ಶೇಕಡ 20ರಿಂದ 400 ಅಳೆಯುವ ಸೆನ್ಸರಿನಲ್ಲಿದ್ದರೆ ತಪ್ಪು 5.7 ಆಗುತ್ತೆ. ಎಂಜಿನ್ ಸುಮ್ಮನೆ ನಿಂತು ಗುರುಗುಟ್ಟುವಾಗ ಒಳಗಿನ ಒತ್ತಡ 35ರ ಸುತ್ತ ಇರುತ್ತೆ. 35ರಲ್ಲಿ 5.7 ತಪ್ಪಿದರೆ ಆರನೇ ಒಂದು ಪಾಲೇ ಹೋಯಿತು! ಹುಣಸೆಹಣ್ಣಿನ ಮೂಟೆ ತೂಗುವ ತಕ್ಕಡಿಯಲ್ಲಿ ಜೀರಿಗೆ ತೂಗಿದ ಹಾಗೆ. ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದು ಸಾಕು, ತೀರಾ ದೊಡ್ಡದು ಬೇಡ ಅಂತ ಹೇಳಿದೆ. 250ರದ್ದನ್ನೇ ತಂದರು. ಇಷ್ಟರವರೆಗೆ ಮೇಷ್ಟ್ರು ಬುದ್ಧಿವಂತ.

ಲೆವೆಲ್ ಪೈಪಿನ ಪ್ರಯೋಗ

ಸೆನ್ಸರಿನ ಜೊತೆ ಬರುವ ಹಾಳೆಯಲ್ಲಿ ಸೂತ್ರ ಇರುತ್ತೆ. ಈ ಸೆನ್ಸರಿಗೆ 5 ವೋಲ್ಟ್ ಕೊಟ್ಟರೆ ಒತ್ತಡ 1 ಕಿಲೋಪಾಸ್ಕಲ್ ಏರಿದಾಗ ಹೊರಬರುವ ವೋಲ್ಟೇಜ್ 20 ಮಿಲಿವೋಲ್ಟ್ ಏರಬೇಕು. ಹಾಳೆಯನ್ನು ನಂಬಿ ಸುಮ್ಮನಿರಬಹುದು. ಹುಡುಗರು ನಂಬಲಿಲ್ಲ, ಅದು ನನಗೆ ಖುಷಿ.

ಗಾರೆ ಕೆಲಸದವರು ಮಟ್ಟ ನೋಡಲು ಇಟ್ಟುಕೊಳ್ಳುವ ಪಾರದರ್ಶಕ ಲೆವೆಲ್ ಪೈಪು ಗೊತ್ತಲ್ಲ? ಅದನ್ನು ಇಂಗ್ಲಿಷಿನ 'ಯು' ಆಕಾರದಲ್ಲಿ ಬಾಗಿಸಿ ಬಣ್ಣದ ನೀರು ತುಂಬಿದರು. ಒಂದು ತುದಿ ಸೆನ್ಸರಿನ ಮೂತಿಗೆ, ಇನ್ನೊಂದು ತುದಿ ಬಯಲಿಗೆ. ಸೆನ್ಸರ್ ಮತ್ತು ನೀರಿನ ನಡುವೆ ಒಂದಷ್ಟು ಗಾಳಿ ಉಳಿಯಲೇಬೇಕು. ನೀರು ತಾಗಿದರೆ ಸೆನ್ಸರ್ ಹಾಳು. ಬಯಲ ತುದಿಯನ್ನು ಮೇಲೆತ್ತಿದರೆ ನೀರಿನ ಭಾರ ಒಳಗಿನ ಗಾಳಿಯನ್ನು ಒತ್ತುತ್ತೆ, ಕೆಳಗಿಳಿಸಿದರೆ ಎಳೆಯುತ್ತೆ. 1 ಮೀಟರ್ ನೀರು ಅಂದರೆ 9.8 ಕಿಲೋಪಾಸ್ಕಲ್, ಇದನ್ನು ನೀವೇ ಸಾಂದ್ರತೆ, ಗುರುತ್ವ, ಎತ್ತರ ಗುಣಿಸಿ ಲೆಕ್ಕ ಹಾಕಬಹುದು. ಒಂದು ಎಚ್ಚರಿಕೆ: ಪೈಪನ್ನು ಎಷ್ಟು ಎತ್ತಿದಿರಿ ಅನ್ನುವುದು ಮುಖ್ಯವಲ್ಲ. ಒಳಗಿನ ಗಾಳಿ ಕುಗ್ಗಿ ಆ ಕಡೆಯ ನೀರೂ ಸರಿದಿರುತ್ತೆ. ಎರಡು ಕಡೆಯ ನೀರಿನ ಮಟ್ಟಗಳ ನಡುವಿನ ಅಂತರವನ್ನೇ ಅಳೆಯಬೇಕು.

ಮಲ್ಟಿಮೀಟರ್ ತೋರಿಸಿದ್ದು ಹೀಗೆ. ನೀರು ಸಮಮಟ್ಟದಲ್ಲಿದ್ದಾಗ 1.69 ವೋಲ್ಟ್. 1 ಮೀಟರ್ ಮೇಲೆ 1.89, 2 ಮೀಟರ್ ಮೇಲೆ 2.08, 1 ಮೀಟರ್ ಕೆಳಗೆ 1.49. ಗ್ರಾಫ್ ಹಾಳೆಯ ಮೇಲೆ ಹಾಕಿದರೆ ನೆಟ್ಟನೆಯ ಗೆರೆ, ಇಳಿಜಾರು ಹಾಳೆಯಲ್ಲಿ ಹೇಳಿದಷ್ಟೇ. ಎಂಜಿನ್ ಶುರು ಮಾಡುವ ಮೊದಲೇ, ಲ್ಯಾಬಿಲ್ಲದೆ, ನೂರು ರೂಪಾಯಿಯ ಪೈಪಿನಲ್ಲಿ ಇಷ್ಟು ಆಯಿತು.

(5 ವೋಲ್ಟ್ ಅಂದೆನಲ್ಲ, ಅದನ್ನೂ ಅಳೆದು ನೋಡಬೇಕು. ಈ ಸೆನ್ಸರ್ ಕೊಡುವ ವೋಲ್ಟೇಜ್ ತನಗೆ ಸಿಕ್ಕ ವೋಲ್ಟೇಜಿನ ಒಂದು ಪಾಲು. ಫೋನ್ ಚಾರ್ಜರಿನಿಂದ 4.8 ವೋಲ್ಟ್ ಮಾತ್ರ ಬರುತ್ತಿದ್ದರೆ ಮಲ್ಟಿಮೀಟರ್ 1.69ರ ಬದಲು 1.62 ತೋರಿಸುತ್ತೆ, ನೀವು ಗಾಳಿಯೇ ಕಡಿಮೆ ಅಂದುಕೊಳ್ಳುತ್ತೀರಿ.)

ಗೆರೆಯ ಇಳಿಜಾರು ಸಿಕ್ಕಿತು. ಆದರೆ ಆ ಗೆರೆಯನ್ನು ಎಲ್ಲಿ ನೆಡುವುದು? ನೀರಿನ ಪೈಪು ಹೇಳುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅಂತ ಮಾತ್ರ. ಹೊರಗಿನ ಗಾಳಿಯ ಒತ್ತಡ ಎಷ್ಟು ಅನ್ನುವುದು ಬೇರೆ ಕಡೆಯಿಂದ ಬರಬೇಕು. ಸೂತ್ರದ ಪ್ರಕಾರ 1.69 ವೋಲ್ಟ್ ಅಂದರೆ 94.5 ಕಿಲೋಪಾಸ್ಕಲ್. ನಿಜವಾಗಲೂ ಅಷ್ಟೇನಾ?

ನಾನು ಮಾಡಿದ ತಪ್ಪು

ಹುಡುಗರು ಮತ್ತೆ ನನ್ನನ್ನು ಕೇಳಿದರು. ನಾನು ಜಂಬದಿಂದ ಫೋನು ತೆಗೆದು ಹವಾಮಾನದ ಆ್ಯಪ್ ನೋಡಿದೆ. ಹಿಂದೂಪುರ: ಒತ್ತಡ 1012 ಹೆಕ್ಟೋಪಾಸ್ಕಲ್. ಅಂದರೆ 101.2 ಕಿಲೋಪಾಸ್ಕಲ್. ಕಲ್ಯಾಣದುರ್ಗದಲ್ಲಿದ್ದ ಹುಡುಗನಿಗೆ ಫೋನು ಮಾಡಿದೆವು, ಅವನ ಆ್ಯಪ್‌ನಲ್ಲೂ 1012. ಎರಡೆರಡು ಊರಿನ ಸಾಕ್ಷಿ ಸಿಕ್ಕಿದ ಮೇಲೆ ಇನ್ನೇನು! 'ಸೆನ್ಸರ್ 6.7 ಕಡಿಮೆ ತೋರಿಸ್ತಿದೆ, ಕಂಪ್ಯೂಟರಿನಲ್ಲಿ 6.7 ಕೂಡಿಸಿಬಿಡಿ' ಅಂದೆ. ಕೂಡಿಸಿದರು.

ಎಂಜಿನ್ ಶುರುವಾಯಿತು. ಆದರೆ ನಿಂತಲ್ಲೇ ತಡವರಿಸುತ್ತಿತ್ತು, ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಪ್ಲಗ್ ಬಿಚ್ಚಿ ನೋಡಿದರೆ ಮಸಿ. ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತ ಯಾರಿಗಾದರೂ ಗೊತ್ತಾಗುತ್ತೆ. ಹುಡುಗರು ಕಂಪ್ಯೂಟರಿನಲ್ಲಿ ಪೆಟ್ರೋಲನ್ನು ಎಲ್ಲ ಕಡೆಯೂ ಶೇ. 16 ಕಡಿಮೆ ಮಾಡಿದರು. ತಡವರಿಕೆ ನಿಂತಿತು, ಸದ್ದು ಹದವಾಯಿತು. ಎಲ್ಲರಿಗೂ ಟೀ ಬಂತು.

ಟೀ ಮುಗಿಸಿ ನೀರಿನ ಬ್ರೇಕು ಬಿಗಿದು ಎಂಜಿನ್ನಿಗೆ ಭಾರ ಕೊಟ್ಟರು. ಟರ್ಬೋ ಊಳಿಟ್ಟಿತು. ಒತ್ತಡ 180ರ ಹತ್ತಿರ ಹೋಗುತ್ತಿದ್ದಂತೆ ಎಂಜಿನ್ನಿನೊಳಗಿನಿಂದ ಟಣ್ ಟಣ್ ಟಣ್ ಅಂತ, ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದಂಥ ಸದ್ದು. ಅಲ್ಲೇ ಇದ್ದ ಕಲ್ಯಾಣದುರ್ಗದ ಹುಡುಗನ ಸೋದರಮಾವ ಓಡಿಬಂದು ಸ್ವಿಚ್ ಆರಿಸಿದರು. ಅವರು ಲಾರಿ, ಟ್ರ್ಯಾಕ್ಟರ್ ಎಂಜಿನ್ನುಗಳಲ್ಲಿ ಕೈ ಪಳಗಿದ ಮೆಕ್ಯಾನಿಕ್. 'ಇನ್ನೊಂದು ನಿಮಿಷ ಬಿಟ್ಟಿದ್ರೆ ಪಿಸ್ಟನ್ನು ತೂತು ಬೀಳ್ತಿತ್ತು ನೋಡ್ರಪ್ಪ' ಅಂದರು.

ಅವರು ಉತ್ಪ್ರೇಕ್ಷೆ ಮಾಡಿರಲಿಲ್ಲ. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದಿದ್ದಾಗ ಸಿಲಿಂಡರಿನ ಮೂಲೆಯಲ್ಲಿ ಉಳಿದ ಮಿಶ್ರಣ ತನ್ನಷ್ಟಕ್ಕೆ ಸಿಡಿಯುತ್ತೆ. ಆ ಸಿಡಿತದ ಬಡಿತವೇ ಆ ಸದ್ದು. ಒಳಗಿನ ಬೆಂಕಿ 2,000 ಡಿಗ್ರಿ ಮೀರಿರುತ್ತೆ. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು. ಪಿಸ್ಟನ್ನಿನ ಮೇಲ್ಮೈಗೆ ಅಂಟಿಕೊಂಡ ತೆಳು ಅನಿಲದ ಪದರವೇ ಅದನ್ನು ಕಾಯುವುದು. ಸಿಡಿತದ ಅಲೆ ಆ ಪದರವನ್ನೇ ಕಿತ್ತುಹಾಕುತ್ತೆ.

ಮಾವ ಆಮೇಲೆ ಕಂಪ್ಯೂಟರ್ ಪರದೆ ನೋಡಿದರು. ಎಂಜಿನ್ ನಿಂತಿತ್ತು, ಕೀಲಿ ಮಾತ್ರ ಆನ್ ಆಗಿತ್ತು. ಒತ್ತಡ 101 ಅಂತ ಇತ್ತು. 'ಮೇಷ್ಟ್ರೇ, ಇದೇನಿದು? ನಮ್ ಕಡೆ ಯಾವ್ ಗಾಡಿಗೆ ಸ್ಕ್ಯಾನರ್ ಹಾಕಿದ್ರೂ ಎಂಜಿನ್ ಆಫ್ ಇದ್ದಾಗ 94, 95 ತೋರಿಸ್ತೈತೆ. ನಿಮ್ದೊಂದೇ ಯಾಕೆ 101?'

ನಾನು ಬೆಪ್ಪಾದೆ. ಅವರು ಬ್ಯಾರೋಮೀಟರಿನ ಪಾಠ ಓದಿದವರಲ್ಲ. ಆದರೆ ನೂರಾರು ಗಾಡಿಗಳಲ್ಲಿ ಆ ಸಂಖ್ಯೆಯನ್ನು ಕಣ್ಣಾರೆ ಕಂಡಿದ್ದರು. ನಾನು ಪಾಠ ಮಾಡುತ್ತಲೇ ಬಂದವನು, ನನ್ನ ಊರಿನ ಸಂಖ್ಯೆ ನನಗೇ ಗೊತ್ತಿರಲಿಲ್ಲ.

ಆ್ಯಪ್ ಸುಳ್ಳು ಹೇಳಿತಾ?

ಇಲ್ಲ. ಆ ಸಂಜೆ ಸುಮ್ಮನೆ ಚೆನ್ನೈ ಅಂತ ಹಾಕಿ ನೋಡಿದೆ. ಅಲ್ಲೂ 1012. ಕಡಲತೀರದ ಚೆನ್ನೈಗೂ 620 ಮೀಟರ್ ಮೇಲಿನ ಹಿಂದೂಪುರಕ್ಕೂ ಒಂದೇ ಒತ್ತಡ ಇರಲು ಹೇಗೆ ಸಾಧ್ಯ?

ಹವಾಮಾನ ಇಲಾಖೆಯವರ ಕಷ್ಟ ಯೋಚಿಸಿ. ಎಲ್ಲಿ ವಾಯುಭಾರ ಕುಸಿತ ಆಗಿದೆ ಅಂತ ಅವರು ನಕಾಶೆಯಲ್ಲಿ ನೋಡಬೇಕು. ಪ್ರತಿ ಊರಿನ ನಿಜವಾದ ಒತ್ತಡವನ್ನು ಹಾಗೇ ಬರೆದರೆ ಊಟಿ, ಬೆಂಗಳೂರು, ಹಿಂದೂಪುರಗಳ ಮೇಲೆ ಸದಾ ಭಾರಿ ವಾಯುಭಾರ ಕುಸಿತ ಇದ್ದಂತೆ ಕಾಣುತ್ತೆ. ಅದಕ್ಕೇ 'ಈ ಊರು ಸಮುದ್ರಮಟ್ಟದಲ್ಲಿ ಇದ್ದಿದ್ದರೆ ಒತ್ತಡ ಎಷ್ಟಿರುತ್ತಿತ್ತು' ಅಂತ ಲೆಕ್ಕ ಹಾಕಿ ಆ ಸಂಖ್ಯೆಯನ್ನು ನಕಾಶೆಗೆ ಹಾಕುತ್ತಾರೆ. ಆ್ಯಪ್ ತೋರಿಸುವುದು ಸಾಮಾನ್ಯವಾಗಿ ಇದನ್ನೇ. ಮಳೆಗೆ ಅದು ಸರಿ. ಎಂಜಿನ್ ಕುಡಿಯುವುದು ಮಾತ್ರ ಲೆಕ್ಕದ ಗಾಳಿಯನ್ನಲ್ಲ, ಊರಲ್ಲಿರುವ ಗಾಳಿಯನ್ನು.

ಕಲ್ಯಾಣದುರ್ಗದ ಸಾಕ್ಷಿಯೂ ಇದೇ ಕಾರಣಕ್ಕೆ ಸಾಕ್ಷಿಯೇ ಅಲ್ಲ. ಎರಡೂ ಆ್ಯಪ್ ಒಂದೇ ಬಗೆಯ ಲೆಕ್ಕ ಹೇಳಿದ್ದವು. ಅಷ್ಟೇ ಅಲ್ಲ, ಎರಡೂ ಊರು ಒಂದೇ ಪ್ರಸ್ಥಭೂಮಿಯ ಮೇಲಿವೆ. ಅಲ್ಲಿಗೂ ಇಲ್ಲಿಗೂ ನಿಜವಾದ ಒತ್ತಡದ ವ್ಯತ್ಯಾಸ ನಮ್ಮ ಸೆನ್ಸರಿನ 3.5ರ ತಪ್ಪಿನೊಳಗೇ ಮುಳುಗಿಹೋಗುವಷ್ಟು ಸಣ್ಣದು.

ಹಾಗಾದರೆ ಸೆನ್ಸರ್ ಮೊದಲಿನಿಂದಲೂ ಸರಿಯಾಗಿಯೇ 94.5 ಅಂತಿತ್ತು. ತಿದ್ದಿ ಕೆಡಿಸಿದವನು ನಾನು.

ಆದರೆ ಒಂದು ಪ್ರಶ್ನೆ ಉಳಿಯಿತು, ನಿಮಗೂ ಬಂದಿರಬೇಕು. ಒತ್ತಡವನ್ನು ಜಾಸ್ತಿ ಅಂತ ತೋರಿಸಿದರೆ ಪೆಟ್ರೋಲ್ ಜಾಸ್ತಿ ಹೋಗಬೇಕು. ಭಾರ ಕೊಟ್ಟಾಗ ಕಡಿಮೆ ಆದದ್ದು ಹೇಗೆ?

ತಕ್ಕಡಿಯನ್ನೇ ನೆನೆಯಿರಿ. ಒಂದು ತಕ್ಕಡಿ ಯಾವಾಗಲೂ 2 ಕಿಲೋ ಜಾಸ್ತಿ ತೋರಿಸುತ್ತೆ ಅನ್ನಿ. ವರ್ನಿಯರ್ ಕ್ಯಾಲಿಪರ್ಸ್ ಪಾಠದಲ್ಲಿ ಶೂನ್ಯ ದೋಷ ಅಂತ ಓದಿದ್ದೀರಲ್ಲ, ಅದೇ ಇದು. 10 ಕಿಲೋ ಶೇಂಗಾ ಹಾಕಿದರೆ 12 ಅನ್ನುತ್ತೆ. ವ್ಯಾಪಾರಿ ಇದನ್ನು ಕಂಡು 'ಎಲ್ಲ ತೂಕಕ್ಕೂ ಆರನೇ ಒಂದು ಪಾಲು ಕಳೀತೀನಿ' ಅಂತಾನೆ. ಚಿಕ್ಕ ಚೀಲಕ್ಕೆ ಸರಿಹೋಯಿತು. 60 ಕಿಲೋ ಮೂಟೆ ಬಂದಾಗ? ತಕ್ಕಡಿ 62 ಅನ್ನುತ್ತೆ, ಆರನೇ ಒಂದು ಪಾಲು ಕಳೆದರೆ 52 ಕಿಲೋಗೂ ಕಡಿಮೆ. ರೈತನಿಗೆ 8 ಕಿಲೋ ನಷ್ಟ. ಕಳೆಯಬೇಕಾಗಿದ್ದು 2 ಕಿಲೋ, ಶೇಕಡ ಅಲ್ಲ.

ಎಂಜಿನ್ನಿನಲ್ಲೂ ಅದೇ. ಸುಮ್ಮನೆ ನಿಂತಾಗ 35 ಇದ್ದದ್ದನ್ನು ಕಂಪ್ಯೂಟರ್ 41.7 ಅಂದುಕೊಂಡಿತು, ಪೆಟ್ರೋಲ್ ಶೇ. 19 ಜಾಸ್ತಿ. ಶೇ. 16 ಕಳೆದದ್ದರಿಂದ ಅಲ್ಲಿ ಸರಿಹೋಯಿತು. ಭಾರ ಕೊಟ್ಟಾಗ 180 ಇದ್ದದ್ದು 186.7 ಆಗಿ ಕಂಡಿತು, ಬರೀ ಶೇ. 4 ಜಾಸ್ತಿ. ಅದರಲ್ಲೂ ಶೇ. 16 ಕಳೆದರೆ 157ಕ್ಕೆ ಸಾಲುವಷ್ಟೇ ಪೆಟ್ರೋಲ್ ಹೋಯಿತು. ಬೇಕಾದ್ದಕ್ಕಿಂತ ಶೇ. 13 ಕಡಿಮೆ, ಅದೂ ಎಂಜಿನ್ ಅತಿ ಹೆಚ್ಚು ಬಿಸಿಯಾಗಿ ದುಡಿಯುವ ಹೊತ್ತಿನಲ್ಲಿ. ತಪ್ಪು ಸಂಖ್ಯೆಗಿಂತ ಅದನ್ನು ಮುಚ್ಚಲು ಹಾಕಿದ ತೇಪೆಯೇ ಎಂಜಿನ್ನನ್ನು ಕೊಲ್ಲುವುದರಲ್ಲಿತ್ತು.

6.7 ಅನ್ನು ತೆಗೆದರು, ಶೇ. 16 ಅನ್ನೂ ತೆಗೆದರು. ಎಂಜಿನ್ ಮೊದಲ ತಿರುವಿಗೇ ಶುರುವಾಗಿ ಹದವಾಗಿ ನಿಂತಿತು. ಆ ದಿನ ಭಾರ ಕೊಡಲಿಲ್ಲ, ಮಾವ ಬಿಡಲಿಲ್ಲ. ಮಾರನೆಯ ದಿನ ಪ್ಲಗ್‌ಗಳನ್ನು ಬಿಚ್ಚಿ, ಅಲ್ಯೂಮಿನಿಯಂ ಚುಕ್ಕಿ ಅಂಟಿದೆಯಾ ಅಂತ ಭೂತಗನ್ನಡಿ ಹಿಡಿದು ನೋಡಿದ ಮೇಲೆಯೇ ಅನುಮತಿ ಸಿಕ್ಕಿದ್ದು. ಚುಕ್ಕಿ ಇರಲಿಲ್ಲ.

ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿಸಿದರು. ಸೆನ್ಸರನ್ನು ಎಂಜಿನ್ನಿನ ಮೈಮೇಲಿಂದ ಕಿತ್ತು ಚೌಕಟ್ಟಿಗೆ, ಗಾಳಿಯ ಪೈಪಿಗಿಂತ ಮೇಲೆ, ಮೂತಿ ಕೆಳಗಾಗಿ ಕೂರಿಸಿದರು. ಎಣ್ಣೆ, ಪೆಟ್ರೋಲಿನ ಹನಿ ಒಳಗೆ ನಿಲ್ಲದೆ ಕೆಳಗೆ ಇಳಿದುಹೋಗಲಿ ಅಂತ. ಈ ಸೆನ್ಸರಿನ ಶೇ. 1.5ರ ಭರವಸೆ 85 ಡಿಗ್ರಿಯವರೆಗೆ ಮಾತ್ರ. ನಮ್ಮ ಬೇಸಿಗೆಯಲ್ಲಿ ಎಂಜಿನ್ನಿಗೆ ಅಂಟಿಕೊಂಡಿದ್ದರೆ ಅದು ದಾಟುವುದು ಕಷ್ಟವೇನಲ್ಲ.

ನಿಮ್ಮೂರಿನ ಸಂಖ್ಯೆ ಎಷ್ಟು?

ಎಂಜಿನ್ ಬೇಡ, ಸೆನ್ಸರೂ ಬೇಡ. ಹಿಂದೂಪುರ ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡನ್ನು ಈ ಸಲ ಪೂರ್ತಿ ಓದಿ. ಊರ ಹೆಸರಿನ ಜೊತೆಗೆ ಸಮುದ್ರಮಟ್ಟದಿಂದ ಎತ್ತರವನ್ನೂ ಬರೆದಿರುತ್ತಾರೆ. ನಮ್ಮ ಕಡೆಯ ಎತ್ತರಗಳಲ್ಲಿ ಪ್ರತಿ 100 ಮೀಟರಿಗೆ ಸುಮಾರು 1.15 ಕಿಲೋಪಾಸ್ಕಲ್‌ನಂತೆ 101.3ರಿಂದ ಕಳೆಯಿರಿ. 620 ಮೀಟರಿಗೆ 7.1 ಕಳೆದರೆ 94.2. ಹವೆ ಬದಲಾದ ಹಾಗೆ ದಿನದಿಂದ ದಿನಕ್ಕೆ ಇದು ಸ್ವಲ್ಪ ಏರಿಳಿಯುತ್ತೆ, ಆದರೆ 101ಕ್ಕೆ ಎಂದೂ ಹೋಗದು. ಮನೆಯಲ್ಲಿ ಯಾರದ್ದಾದರೂ ಫೋನಿನಲ್ಲಿ ಬ್ಯಾರೋಮೀಟರ್ ಸೆನ್ಸರ್ ಇದ್ದರೆ (ಎಲ್ಲ ಫೋನುಗಳಲ್ಲಿ ಇರುವುದಿಲ್ಲ) ಅದರ ನೇರ ಅಳತೆಯನ್ನೂ, ಹವಾಮಾನದ ಆ್ಯಪ್ ಹೇಳುವುದನ್ನೂ ಒಂದೇ ಹೊತ್ತಿನಲ್ಲಿ ಬರೆದುಕೊಳ್ಳಿ. ಲ್ಯಾಬಿನಲ್ಲಿ ಒಳ್ಳೆಯ ಉಷ್ಣತಾಮಾಪಕ ಇದ್ದರೆ ನೀರು ಎಷ್ಟು ಡಿಗ್ರಿಗೆ ಕುದಿಯುತ್ತೆ ಅಂತ ನೋಡಿ. ಹಿಂದೂಪುರದಲ್ಲಿ 100 ಬರಬಾರದು, 98ರ ಹತ್ತಿರ ಬರಬೇಕು. 100 ಬಂದರೆ ಉಷ್ಣತಾಮಾಪಕವನ್ನು ಅನುಮಾನಿಸಿ.

ಹಿಂದೂಪುರ, ಕಲ್ಯಾಣದುರ್ಗದವರಷ್ಟೇ ಅಲ್ಲ, ಮಡಕಶಿರ, ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ, ರಾಯದುರ್ಗದ ಮಕ್ಕಳೂ ನಿಮ್ಮ ಶಾಲೆ ಇರುವ ಎತ್ತರ, ನೀವು ಹಾಕಿದ ಲೆಕ್ಕ, ನೀವು ಅಳೆದ ಒತ್ತಡ, ಅಳೆದ ದಿನ ಮತ್ತು ಹೊತ್ತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ವಿಜ್ಞಾನ ಮೇಷ್ಟ್ರ ಕೈಲಿ ಕಳಿಸಿ. ಬಂದಷ್ಟನ್ನು ನಕಾಶೆಯ ಮೇಲೆ ಗುರುತಿಸಿ ಮುಂದೊಂದು ಸಂಚಿಕೆಯಲ್ಲಿ ಹಾಕೋಣ. ಲೆಕ್ಕಕ್ಕೂ ಅಳತೆಗೂ ಹೊಂದದೆ ಇದ್ದರೆ ದಯವಿಟ್ಟು ತಿದ್ದಿ ಕಳಿಸಬೇಡಿ. ಹೊಂದದ ಸಂಖ್ಯೆಗಳನ್ನೇ ನಾನು ಮೊದಲು ಓದುತ್ತೇನೆ.